ಐತಿಹ್ಯ, ಆಕರ ಮತ್ತು ಅತೀಂದ್ರಿಯ ಶೋಧ: ಸ್ಟ್ಯಾನ್ಲಿ ಹೋಟೆಲಿನ ಇತಿಹಾಸ

ಹಳೆಯ ಕಟ್ಟಡವೊಂದರ ಇತಿಹಾಸವನ್ನು ರಚಿಸುವಾಗ ಕಡತ, ಕ್ರಯಪತ್ರ, ಪತ್ರಿಕಾ ವರದಿಗಳಂತೆಯೇ ಅದರ ಸುತ್ತ ಬೆಳೆದ ಐತಿಹ್ಯಗಳೂ ಸಂಶೋಧಕನ ಮುಂದೆ ಬಂದು ನಿಲ್ಲುತ್ತವೆ. ಐತಿಹ್ಯವನ್ನು ಕಟ್ಟುಕಥೆಯೆಂದು ತಳ್ಳಿಹಾಕುವುದು ಒಂದು ಮಾರ್ಗ. ಯಥಾವತ್ತಾಗಿ ನಂಬುವುದು ಇನ್ನೊಂದು ಮಾರ್ಗ. ಇವೆರಡೂ ಇತಿಹಾಸದ ದೃಷ್ಟಿಯಿಂದ ಅಪೂರ್ಣವಾದವು. ಅಮೆರಿಕದ ಕೊಲೊರಾಡೊ ರಾಜ್ಯದ ಎಸ್ಟೆಸ್ ಪಾರ್ಕ್ ಪಟ್ಟಣದಲ್ಲಿರುವ ಸ್ಟ್ಯಾನ್ಲಿ ಹೋಟೆಲು ಭೂತಗಳ ನೆಲೆಯೆಂದು ಲೋಕಪ್ರಸಿದ್ಧವಾಗಿದೆ. ಅಲ್ಲಿ ನಡೆದ ಅತೀಂದ್ರಿಯ ಶೋಧಗಳನ್ನೂ ಅದರ ದಾಖಲಿತ ಚರಿತ್ರೆಯನ್ನೂ ಒಟ್ಟಿಗಿರಿಸಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹೋಟೆಲಿನ ಹಿನ್ನೆಲೆ

ರಾಕಿ ಪರ್ವತಶ್ರೇಣಿಯ ನಡುವೆ ಸುಮಾರು 7,500 ಅಡಿ ಎತ್ತರದಲ್ಲಿರುವ ಎಸ್ಟೆಸ್ ಪಾರ್ಕಿನ ಕಣಿವೆ ಮೂಲತಃ ಅರಾಪಹೊ ಮತ್ತು ಯೂಟ್ ಜನರು ಬೇಟೆಗಾಗಿ ಬಂದು ಹೋಗುತ್ತಿದ್ದ ಪ್ರದೇಶ. 1872ರಲ್ಲಿ ಇಲ್ಲಿಗೆ ಬಂದ ನಾಲ್ಕನೆಯ ಡನ್‌ರೇವನ್ ಅರ್ಲ್ ಎಂಬ ಐರಿಷ್ ಶ್ರೀಮಂತ ಈ ಕಣಿವೆಯನ್ನು ತನ್ನ ಖಾಸಗಿ ಬೇಟೆಯ ತಾಣವನ್ನಾಗಿ ಮಾಡಿಕೊಳ್ಳಲು ಬಯಸಿದನು. ನೆಲೆಸುವ ಬಡ ರೈತರಿಗೆ ಭೂಮಿ ಕೊಡಲೆಂದು ರೂಪಿಸಿದ್ದ ಕಾಯಿದೆಯನ್ನೇ ಬಳಸಿಕೊಂಡು, ಅನ್ಯರ ಹೆಸರಿನಲ್ಲಿ ಅರ್ಜಿ ಹಾಕಿಸಿ ಸಾವಿರಾರು ಎಕರೆ ನೆಲವನ್ನು ವಶಪಡಿಸಿಕೊಂಡನು. ಸ್ಥಳೀಯರ ವಿರೋಧ ಬಲವಾದ ಮೇಲೆ ಆತ ಕಣಿವೆಯನ್ನು ತೊರೆದನು.

ಹೋಟೆಲಿನ ನಿರ್ಮಾತೃ ಫ್ರೀಲನ್ ಆಸ್ಕರ್ ಸ್ಟ್ಯಾನ್ಲಿಯವರು 1849ರಲ್ಲಿ ಮೇನ್ ರಾಜ್ಯದಲ್ಲಿ ಜನಿಸಿದರು. ಅವಳಿ ಸಹೋದರ ಫ್ರಾನ್ಸಿಸ್ ಎಡ್ಗರ್ ಅವರೊಡನೆ ಛಾಯಾಗ್ರಹಣದ ಒಣ ಫಲಕಗಳ ತಯಾರಿಕೆಯಿಂದಲೂ ಉಗಿಚಾಲಿತ ಮೋಟಾರು ವಾಹನಗಳಿಂದಲೂ ಸಂಪತ್ತು ಗಳಿಸಿದರು. ಕ್ಷಯರೋಗದಿಂದ ಬಳಲುತ್ತಿದ್ದ ಅವರು 1903ರಲ್ಲಿ ಶುಷ್ಕ ಹವೆಯನ್ನು ಅರಸಿ ಎಸ್ಟೆಸ್ ಪಾರ್ಕಿಗೆ ಬಂದು ಚೇತರಿಸಿಕೊಂಡರು. ಡನ್‌ರೇವನ್‌ಗೆ ಸೇರಿದ್ದ ಭೂಮಿಯನ್ನು ಪಾಲುದಾರರೊಬ್ಬರೊಡನೆ ಕೊಂಡು, 1909ರಲ್ಲಿ ಹೋಟೆಲನ್ನು ತೆರೆದರು. ಅದಕ್ಕೆ ಬೇಕಾದ ವಿದ್ಯುತ್ತಿಗಾಗಿ ಫಾಲ್ ನದಿಗೆ ಜಲವಿದ್ಯುತ್ ಸ್ಥಾವರವನ್ನೂ ಕಟ್ಟಿಸಿದರು. ಕಟ್ಟಡಕ್ಕೆ ಚಳಿಗಾಲದ ತಾಪನ ವ್ಯವಸ್ಥೆ ಇರಲಿಲ್ಲವಾದ್ದರಿಂದ ದಶಕಗಳ ಕಾಲ ಅದು ಬೇಸಿಗೆಯ ವಸತಿಯಾಗಿಯೇ ಉಳಿಯಿತು.

1911ರ ಸ್ಫೋಟ

ಹೋಟೆಲಿನ ಐತಿಹ್ಯಗಳಲ್ಲೆಲ್ಲ ದಾಖಲೆಯ ಆಧಾರವುಳ್ಳದ್ದು 217ನೆಯ ಕೋಣೆಗೆ ಸಂಬಂಧಿಸಿದ್ದು. ವಿದ್ಯುತ್ ಕೈಕೊಟ್ಟಾಗ ಉಪಯೋಗಕ್ಕೆ ಬರಲೆಂದು ಕಟ್ಟಡದಲ್ಲಿ ಅಸಿಟಿಲೀನ್ ಅನಿಲದ ದೀಪಗಳನ್ನು ಅಳವಡಿಸಲಾಗಿತ್ತು. 1911ರ ಜೂನ್ 25ರ ರಾತ್ರಿ ಬಿರುಗಾಳಿಯ ನಡುವೆ ಈ ದೀಪಗಳನ್ನು ಹೊತ್ತಿಸುವ ಸಂದರ್ಭದಲ್ಲಿ, ಸೋರಿ ತುಂಬಿಕೊಂಡಿದ್ದ ಅನಿಲಕ್ಕೆ ಬೆಂಕಿ ತಗುಲಿ ಕಟ್ಟಡದ ಒಂದು ಭಾಗ ಹಾರಿಹೋಯಿತು. ಕೋಣೆಯಲ್ಲಿದ್ದ ಪರಿಚಾರಿಕೆ ಕೆಳಗಿನ ಅಂತಸ್ತಿಗೆ ಬಿದ್ದು ಗಾಯಗೊಂಡರೂ ಬದುಕಿ ಉಳಿದಳು.

ಪ್ರಚಲಿತ ಐತಿಹ್ಯವು ಈಕೆಯನ್ನು ಎಲಿಜಬೆತ್ ವಿಲ್ಸನ್ ಎಂದು ಗುರುತಿಸುತ್ತದೆ. ಸ್ಟ್ಯಾನ್ಲಿಯವರು ಆಕೆಯ ಚಿಕಿತ್ಸೆಯ ವೆಚ್ಚವನ್ನು ಭರಿಸಿದರೆಂದೂ, ಆಕೆ ಬಹುಕಾಲ ಅಲ್ಲಿಯೇ ದುಡಿದಳೆಂದೂ, ಮರಣಾನಂತರವೂ ಆ ಕೋಣೆಗೆ ಬಂದು ಅತಿಥಿಗಳ ಬಟ್ಟೆಗಳನ್ನು ಮಡಿಸಿಡುವಳೆಂದೂ ಕಥೆ ಹೇಳುತ್ತದೆ. ಆದರೆ ಸಮಕಾಲೀನ ಪತ್ರಿಕೆಗಳು ಗಾಯಗೊಂಡ ಪರಿಚಾರಿಕೆಯ ಹೆಸರನ್ನೇ ಏಕರೂಪವಾಗಿ ಕೊಡುವುದಿಲ್ಲ. ಹೋಟೆಲಿನ ಒಡೆಯರ ಜನ್ಮದಿನಾಂಕದಿಂದ ಮೊದಲುಗೊಂಡು ಉದ್ಯಮದ ಪ್ರತಿ ಹಂತವೂ ದಾಖಲಾಗಿರುವಾಗ, ಅದೇ ಕಟ್ಟಡದಲ್ಲಿ ದುಡಿದು ಪ್ರಾಣಾಪಾಯಕ್ಕೊಳಗಾದ ಹೆಂಗಸಿನ ಹೆಸರೇ ಗೊಂದಲಕ್ಕೀಡಾಗಿರುವುದು ಗಮನಾರ್ಹ.

ಐತಿಹ್ಯದ ಬೆಳವಣಿಗೆ

1974ರ ಅಕ್ಟೋಬರ್ 30ರಂದು ಲೇಖಕ ಸ್ಟೀಫನ್ ಕಿಂಗ್ ಅವರು ಪತ್ನಿಯೊಡನೆ ಈ ಹೋಟೆಲಿನ 217ನೆಯ ಕೋಣೆಯಲ್ಲಿ ತಂಗಿದರು. ಚಳಿಗಾಲಕ್ಕಾಗಿ ಹೋಟೆಲು ಮುಚ್ಚುವ ವೇಳೆಯಾದ್ದರಿಂದ ಬೇರೆ ಅತಿಥಿಗಳು ಇರಲಿಲ್ಲವೆಂದೇ ಹೇಳಬಹುದು. ಅಂದು ಕಂಡ ದುಃಸ್ವಪ್ನವೇ ‘ದಿ ಶೈನಿಂಗ್’ ಕಾದಂಬರಿಗೆ ಬೀಜವಾಯಿತೆಂದು ಅವರೇ ಹೇಳಿಕೊಂಡಿದ್ದಾರೆ. 1977ರಲ್ಲಿ ಪ್ರಕಟವಾದ ಆ ಕೃತಿಯ 217ನೆಯ ಕೋಣೆಯಲ್ಲಿ ಮೃತ ಸ್ತ್ರೀಯ ಪ್ರೇತವಿದೆ. ಸ್ಟ್ಯಾನ್ಲಿ ಕುಬ್ರಿಕ್ ಅವರು 1980ರಲ್ಲಿ ತೆರೆಗೆ ತಂದ ಚಲನಚಿತ್ರದ ಚಿತ್ರೀಕರಣ ಈ ಹೋಟೆಲಿನಲ್ಲಿ ನಡೆಯಲಿಲ್ಲ. ಅದರಲ್ಲಿ ಕೋಣೆಯ ಸಂಖ್ಯೆಯೂ 237 ಎಂದು ಬದಲಾಯಿತು. 1997ರ ದೂರದರ್ಶನ ಧಾರಾವಾಹಿಯನ್ನು ಮಾತ್ರ ಇಲ್ಲಿಯೇ ಚಿತ್ರೀಕರಿಸಲಾಯಿತು. ಹೀಗೆ ಹೋಟೆಲು ಕಾದಂಬರಿಯನ್ನು ಪ್ರೇರೇಪಿಸಿತು. ಕಾದಂಬರಿ ಹೋಟೆಲಿನ ಕೀರ್ತಿಯನ್ನು ರೂಪಿಸಿತು. ಮುಂದೆ ಇಲ್ಲಿಗೆ ಬಂದ ಶೋಧಕರು ಆ ಕೀರ್ತಿಯನ್ನು ತಿಳಿದೇ ಬಂದವರು.

ಇನ್ನೊಂದು ಐತಿಹ್ಯದ ಪ್ರಕಾರ 407ನೆಯ ಕೋಣೆಯಲ್ಲಿ ಡನ್‌ರೇವನ್ ಅರ್ಲ್‌ನ ಪ್ರೇತ ಕಾಣಿಸಿಕೊಳ್ಳುತ್ತದೆ. ಕಾಲಗಣನೆಯಿಂದ ಇದನ್ನು ಪರೀಕ್ಷಿಸುವುದು ಸುಲಭ. ಆತ ಕಣಿವೆಯನ್ನು ತೊರೆದು ಎರಡು ದಶಕಗಳಿಗೂ ಹೆಚ್ಚು ಕಾಲ ಸಂದ ಮೇಲೆ ಹೋಟೆಲು ನಿರ್ಮಾಣವಾಯಿತು. ಆತ ಗತಿಸಿದ್ದು 1926ರಲ್ಲಿ, ದೂರದ ಲಂಡನ್ನಿನಲ್ಲಿ. ಆದ್ದರಿಂದ ಈ ಕಥೆಯು ಕೋಣೆಯ ಚರಿತ್ರೆಯಲ್ಲ, ನೆಲದ ಒಡೆತನದ ಕುರಿತಾದ ಜನಸ್ಮೃತಿ. ಅನ್ಯಾಯವಾಗಿ ಭೂಮಿಯನ್ನು ಪಡೆದವನು ಅದನ್ನು ಬಿಟ್ಟು ಹೋಗಲಾರನೆಂಬ ಭಾವನೆ ಅದರಲ್ಲಿ ಅಡಗಿದೆ ಎನ್ನಬಹುದು. ಆದರೆ ಆ ಭೂಮಿಯಲ್ಲಿ ಅವನಿಗಿಂತ ಮೊದಲಿದ್ದ ಅರಾಪಹೊ ಮತ್ತು ಯೂಟ್ ಜನರಿಗೆ ಹೋಟೆಲಿನ ಪ್ರಸಿದ್ಧ ಕಥೆಗಳಲ್ಲಿ ಸ್ಥಾನ ದೊರೆತಿಲ್ಲ.

ಅತೀಂದ್ರಿಯ ಶೋಧ ಮತ್ತು ಅದರ ಮಿತಿ

ಪ್ರೇತಾನುಭವಗಳನ್ನು ವ್ಯವಸ್ಥಿತವಾಗಿ ಸಂಗ್ರಹಿಸುವ ಪ್ರಯತ್ನ 1882ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಸೊಸೈಟಿ ಫಾರ್ ಸೈಕಿಕಲ್ ರಿಸರ್ಚ್ ಸಂಸ್ಥೆಯಿಂದ ಮೊದಲಾಯಿತು. ಅದು 1894ರಲ್ಲಿ ಪ್ರಕಟಿಸಿದ ಸಮೀಕ್ಷೆಗಾಗಿ ಸುಮಾರು 17,000 ಜನರನ್ನು ಪ್ರಶ್ನಿಸಲಾಗಿತ್ತು. ಅಲ್ಲಿ ಸಾಕ್ಷಿಯ ಹೇಳಿಕೆಯೇ ಮುಖ್ಯ ಆಕರ. ಶತಮಾನದ ಅನಂತರ ಆ ಸ್ಥಾನವನ್ನು ಉಪಕರಣಗಳು ಆಕ್ರಮಿಸಿದವು. 2004ರಲ್ಲಿ ಅಮೆರಿಕದಲ್ಲಿ ಆರಂಭವಾದ ‘ಗೋಸ್ಟ್ ಹಂಟರ್ಸ್’ ಎಂಬ ದೂರದರ್ಶನ ಕಾರ್ಯಕ್ರಮದ ತಂಡವು 2006ರಲ್ಲಿ ಸ್ಟ್ಯಾನ್ಲಿ ಹೋಟೆಲಿನಲ್ಲಿ ಶೋಧ ನಡೆಸಿತು. 401ನೆಯ ಕೋಣೆಯಲ್ಲಿ ಗಾಜಿನ ಲೋಟವೊಂದು ತಾನಾಗಿ ಒಡೆಯಿತು, ಬೀರುವಿನ ಬಾಗಿಲು ಅಲುಗಿತು ಎಂಬುವು ಆ ತಂಡದ ಮುಖ್ಯ ಪ್ರತಿಪಾದನೆಗಳು.

ಇಂತಹ ಶೋಧಗಳಲ್ಲಿ ಬಳಕೆಯಾಗುವ ವಿದ್ಯುತ್ಕಾಂತೀಯ ಕ್ಷೇತ್ರಮಾಪಕವು ಗೋಡೆಯೊಳಗಿನ ತಂತಿಗಳಿಗೂ ಸ್ಪಂದಿಸುತ್ತದೆ. ಅವಕೆಂಪು ಉಷ್ಣಮಾಪಕವು ಎದುರಿನ ಮೇಲ್ಮೈಯ ಉಷ್ಣತೆಯನ್ನು ಅಳೆಯುತ್ತದೆಯೇ ಹೊರತು ಗಾಳಿಯದನ್ನಲ್ಲ. ಧ್ವನಿಮುದ್ರಣದ ಅಸ್ಪಷ್ಟ ಸದ್ದಿನಲ್ಲಿ ಕಿವಿಯು ತಾನು ನಿರೀಕ್ಷಿಸಿದ ಮಾತನ್ನೇ ಗ್ರಹಿಸುವುದುಂಟು. ಈ ಯಾವ ಉಪಕರಣವೂ ಪ್ರೇತವನ್ನು ಅಳೆಯಲೆಂದು ನಿರ್ಮಿತವಾದದ್ದಲ್ಲ. ಲೋಟ ಏಕೆ ಒಡೆಯಿತೆಂಬುದು ತಿಳಿಯದಿದ್ದರೆ, ಕಾರಣ ತಿಳಿಯದೆಂಬುದಷ್ಟೇ ಅದರಿಂದ ಸಿದ್ಧವಾಗುತ್ತದೆ.

ಅನುಭವಗಳ ಮೂಲವನ್ನು ಹುಡುಕಿದ ಅಧ್ಯಯನಗಳು ಬೇರೆ ದಾರಿ ಹಿಡಿದವು. 1997ರಲ್ಲಿ ಲ್ಯಾಂಗ್ ಮತ್ತು ಹೂರನ್ ಅವರು ಪಾಳುಬಿದ್ದ ರಂಗಮಂದಿರವೊಂದಕ್ಕೆ 22 ಜನರನ್ನು ಕರೆದೊಯ್ದು, ಅರ್ಧದಷ್ಟು ಜನರಿಗೆ ಮಾತ್ರ ಅದು ಭೂತದ ತಾಣವೆಂದು ತಿಳಿಸಿದರು. ಅಸಹಜ ಅನುಭವಗಳನ್ನು ಅವರೇ ಹೆಚ್ಚಾಗಿ ವರದಿ ಮಾಡಿದರು. 1998ರಲ್ಲಿ ವಿಕ್ ಟ್ಯಾಂಡಿ ಅವರು ಪ್ರಯೋಗಾಲಯವೊಂದರ ‘ಭೂತ’ಕ್ಕೆ ಫ್ಯಾನಿನಿಂದ ಹೊರಟ, ಕಿವಿಗೆ ಕೇಳಿಸದ ಸುಮಾರು 19 ಹರ್ಟ್ಸ್ ಕಂಪನವೇ ಕಾರಣವೆಂದು ವಾದಿಸಿದರು. 2003ರಲ್ಲಿ ರಿಚರ್ಡ್ ವೈಸ್‌ಮನ್ ಮತ್ತು ಸಹೋದ್ಯೋಗಿಗಳು ಹ್ಯಾಂಪ್ಟನ್ ಕೋರ್ಟ್ ಅರಮನೆ ಹಾಗೂ ಎಡಿನ್‌ಬರೋದ ನೆಲಮಾಳಿಗೆಗಳ ಅಧ್ಯಯನದಲ್ಲಿ ಬೆಳಕು, ಸ್ಥಳದ ವಿಸ್ತಾರ ಮೊದಲಾದ ಪರಿಸರದ ಅಂಶಗಳತ್ತ ಬೆರಳು ತೋರಿದರು. ಇವರು ಯಾರೂ ಸಾಕ್ಷಿಗಳನ್ನು ಸುಳ್ಳುಗಾರರೆನ್ನಲಿಲ್ಲ. ಅನುಭವ ಸತ್ಯ, ವಿವರಣೆ ಬೇರೆ ಎಂಬುದು ಅವರ ನಿಲುವು.

ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಸ್ಪಷ್ಟವಾಗುವುದೇನೆಂದರೆ, ಪ್ರೇತಕಥೆಯು ತಾನು ವರ್ಣಿಸುವ ಕಾಲಕ್ಕಿಂತ ತಾನು ಹುಟ್ಟಿ ಹರಡಿದ ಕಾಲಕ್ಕೆ ಹೆಚ್ಚು ಪ್ರಾಮಾಣಿಕವಾದ ಸಾಕ್ಷಿ. ಸ್ಥಳಪುರಾಣವನ್ನು ಓದುವಾಗ ಅನುಸರಿಸುವ ವಿವೇಕವೇ ಇಲ್ಲಿಗೂ ಅನ್ವಯಿಸುತ್ತದೆ. 407ನೆಯ ಕೋಣೆಯ ಕಥೆ ಕಾಲಗಣನೆಯಲ್ಲಿ ಸೋತರೂ ಭೂಸ್ವಾಧೀನದ ಚರಿತ್ರೆಯತ್ತ ಕೈದೋರುತ್ತದೆ. 217ನೆಯ ಕೋಣೆಯ ಕಥೆಯು ಮರೆತುಹೋಗಬಹುದಾಗಿದ್ದ ಶ್ರಮಿಕ ಸ್ತ್ರೀಯೊಬ್ಬಳನ್ನು ನೆನಪಿನಲ್ಲಿ ಉಳಿಸಿದೆ. ಆದರೆ ಉಳಿಸಿರುವ ಬಗೆಯನ್ನೂ ಗಮನಿಸಬೇಕು. ಒಡೆಯರ ಪತ್ನಿ ಫ್ಲೋರಾ ಅವರು ಪ್ರೇತವಾಗಿ ಪಿಯಾನೊ ನುಡಿಸುವರೆಂದು ಹೇಳುವ ಐತಿಹ್ಯವೇ, ಪರಿಚಾರಿಕೆಯು ಸತ್ತ ಮೇಲೂ ಅತಿಥಿಗಳ ಬಟ್ಟೆಯನ್ನು ಮಡಿಸುತ್ತಿರುವಳೆನ್ನುತ್ತದೆ. ಬದುಕಿನಲ್ಲಿದ್ದ ಅಂತಸ್ತಿನ ಭೇದ ಮರಣಾನಂತರವೂ ಅಳಿದಿಲ್ಲ.

ಈ ಕಾರಣದಿಂದ ಹೋಟೆಲಿನಲ್ಲಿ ನಡೆಯಬೇಕಾದ ಶೋಧದ ಮೊದಲ ನೆಲೆ ಕತ್ತಲೆಯ ಕೋಣೆಯಲ್ಲ, ದಾಖಲೆಗಳ ಭಂಡಾರ. ಸಂಬಳದ ಪಟ್ಟಿ, ಜನಗಣತಿಯ ಹಾಳೆ, 1911ರ ಪತ್ರಿಕೆಗಳನ್ನು ತಾಳೆ ನೋಡಿ, ಆ ರಾತ್ರಿ ದೀಪ ಹೊತ್ತಿಸಲು ಹೋದವಳ ನಿಜವಾದ ಹೆಸರನ್ನೂ ಅನಂತರದ ಬದುಕನ್ನೂ ನಿರ್ಧರಿಸುವುದು ಇತಿಹಾಸಕಾರನ ಹೊಣೆ. ಪ್ರೇತದ ಇರುವಿಕೆಯನ್ನು ಸಾಧಿಸುವುದಕ್ಕಿಂತ, ಬದುಕಿದ್ದವಳ ಇರುವಿಕೆಯನ್ನು ಸ್ಥಾಪಿಸುವುದು ಹೆಚ್ಚು ತುರ್ತಿನ ಕಾರ್ಯವಾಗಿದೆ.