ಮೆರಿಡಾದ ಏಳು ಕುರ್ಚಿಗಳು

ಸ್ಪೇನ್ ಅಂದರೆ ನಿಮಗೆ ಫುಟ್‌ಬಾಲ್ ನೆನಪಾಗುತ್ತದೆ, ಅಲ್ಲವೇ ಮಕ್ಕಳೇ? ನನಗೆ ಮೆರಿಡಾ. ಕ್ರಿ.ಪೂ. 25ರಲ್ಲಿ ರೋಮಿನ ಚಕ್ರವರ್ತಿ ಅಗಸ್ಟಸ್, ಸೇವೆ ಮುಗಿಸಿದ ಸೈನಿಕರಿಗಾಗಿ ಕಟ್ಟಿಸಿದ ಊರು. ಆಗಿನ ಹೆಸರು ‘ಎಮೆರಿಟಾ ಅಗಸ್ಟಾ’. ನಿಮ್ಮ ಕಾಲೇಜಿನ ‘ಎಮೆರಿಟಸ್ ಪ್ರೊಫೆಸರ್’ ಈ ಹೆಸರಿಗೆ ನೆಂಟರೇ!

ಅಲ್ಲಿನ ರೋಮನ್ ರಂಗಮಂದಿರ ಶತಮಾನಗಳ ಕಾಲ ಮಣ್ಣಿನಡಿ ಹೂತುಹೋಗಿತ್ತು. ಮೇಲಿನ ಆಸನಸಾಲಿನ ಏಳು ತುಂಡುಗಳಷ್ಟೇ ಕಾಣುತ್ತಿದ್ದವು. ಜನ ಅವನ್ನು ‘ಏಳು ಕುರ್ಚಿ’ ಎಂದು ಕರೆದರು. ಏಳು ಮೂರ್ ರಾಜರು ಅಲ್ಲಿ ಕೂತು ಊರಿನ ಹಣೆಬರಹ ತೀರ್ಮಾನಿಸಿದರೆಂದು ಕಥೆ ಕಟ್ಟಿದರು. 1910ರಲ್ಲಿ ಉತ್ಖನನ ಶುರುವಾದಾಗ ಕುರ್ಚಿಗಳ ಕೆಳಗೆ ಇಡೀ ರಂಗಮಂದಿರವೇ ಸಿಕ್ಕಿತು. ಕಥೆ ಸುಳ್ಳಿರಬಹುದು, ಆದರೆ ನನಗೆ ನಗಲು ಮನಸ್ಸಿಲ್ಲ. ಆ ಕಲ್ಲುಗಳಿಗೆ ಹೆಸರಿಟ್ಟು ಕಾಪಾಡಿದವರು ಅವರೇ.

1933ರಲ್ಲಿ ಅಲ್ಲಿ ಮತ್ತೆ ನಾಟಕವಾಯಿತು. ಈಗಲೂ ಬೇಸಿಗೆಯ ರಾತ್ರಿ ಜನ ಅದೇ ಮೆಟ್ಟಿಲುಗಳ ಮೇಲೆ ಕೂತು ನಾಟಕ ನೋಡುತ್ತಾರೆ.