ಕನ್ನಡ–ಇಂಗ್ಲಿಷ್ ನಿಘಂಟುಗಳೂ ಅವುಗಳ ಪುನರುಪಯೋಗವೂ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ತಾಲೂಕುಗಳಲ್ಲಿ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಎಂಬ ನಾಲ್ಕು ಭಾಷಾಭ್ಯಾಸಿಗಳ ಲಕ್ಷ್ಯಕ್ಕೆ ವಿಶೇಷವಾಗಿ ಅರ್ಹವಾದುವು. ಹಳಿಯಾಳದಲ್ಲಿ ಕನ್ನಡವೂ ಮರಾಠಿಯೂ ಜೊತೆಯಾಗಿ ನಡೆಯುತ್ತವೆ. ಜೋಯಿಡಾದ ಕುಣಬಿಗಳ ಮನೆಮಾತು ಕೊಂಕಣಿ. ಮುಂಡಗೋಡದಲ್ಲಿ 1966ರಿಂದ ಟಿಬೆಟ್ಟಿನ ನಿರಾಶ್ರಿತರ ವಸತಿಯುಂಟು. ದಾಂಡೇಲಿಯ ಕಾಗದದ ಕಾರ್ಖಾನೆಯಾದರೋ ನಾನಾ ಪ್ರಾಂತಗಳ ಜನರನ್ನು ಒಂದೆಡೆಗೆ ತಂದಿತು. ಇಂತಹ ಸೀಮೆಯಲ್ಲಿ ದ್ವಿಭಾಷಾ ನಿಘಂಟು ನಿತ್ಯೋಪಯೋಗಿಯಾದ ವಸ್ತುವೇ ಸರಿ. ಆದರೆ ಗಣಕಯಂತ್ರದಲ್ಲಿಯೂ ಮೊಬೈಲಿನಲ್ಲಿಯೂ ಈಗ ದೊರೆಯುವ ನಿಘಂಟುಗಳು ಇಲ್ಲಿಯ ಓದುಗನಿಗೆ ಎಷ್ಟರಮಟ್ಟಿಗೆ ಒದಗುವುವೆಂಬುದು, ಅವುಗಳ ಸಾಮಗ್ರಿ ಎಲ್ಲಿಂದ ಬಂದಿತು, ಬರುವಾಗ ಏನನ್ನು ಕಳೆದುಕೊಂಡಿತು ಎಂಬುದನ್ನು ಅವಲಂಬಿಸಿರುತ್ತದೆ.

ಒಂದು ಕೋಶದಿಂದ ಮತ್ತೊಂದು ಕೋಶಕ್ಕೆ ಶಬ್ದಗಳನ್ನು ತರುವ ಪದ್ಧತಿ ಹೊಸದಲ್ಲ. ವಿಲಿಯಂ ರೀವನ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಹೊರಬಿದ್ದಿತು. ಅದರಿಂದಲೂ ಶಬ್ದಗಳನ್ನು ಎತ್ತಿಕೊಂಡ ಫರ್ಡಿನೆಂಡ್ ಕಿಟ್ಟೆಲರು ತಮ್ಮ ಮಹಾಕೋಶವನ್ನು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದರು. ಅವರ ಕೃತಿಯನ್ನು ತೆರೆದವರಿಗೆಲ್ಲ ಆವರಣಗಳೊಳಗಿನ ಚಿಕ್ಕ ಸಂಕೇತಾಕ್ಷರಗಳು ಪರಿಚಿತವಾಗಿವೆ. ರೀವನಿಂದ ಪಡೆದುದಕ್ಕೆ ಒಂದು ಗುರುತು, ಮೈಸೂರಿನ ಬಳಕೆಗೆ ಮತ್ತೊಂದು, ದಕ್ಷಿಣ ಮಹಾರಾಷ್ಟ್ರವೆಂದು ಆಗ ಕರೆಯಲಾಗುತ್ತಿದ್ದ ಧಾರವಾಡದ ಕಡೆಯ ಬಳಕೆಗೆ ಇನ್ನೊಂದು. ಹಳಿಯಾಳ, ಮುಂಡಗೋಡಗಳು ಧಾರವಾಡದ ಸೀಮೆಗೆ ಹೊಂದಿಯೇ ಇರುವುದರಿಂದ ಈ ಕೊನೆಯ ಗುರುತು ಅಲ್ಲಿಯ ಓದುಗನಿಗೆ ಬಹಳ ಬೆಲೆಯುಳ್ಳದ್ದು. ಋಣವನ್ನೂ ಊರನ್ನೂ ಹೀಗೆ ಒಪ್ಪಿಕೊಳ್ಳುವುದು ಕಿಟ್ಟೆಲರಿಗೆ ವಿದ್ವತ್ತಿನ ಮರ್ಯಾದೆಯಾಗಿದ್ದಿತು.

ಆ ಮರ್ಯಾದೆ ನಿಬಂಧನೆಯ ರೂಪವನ್ನು ತಾಳಿದುದು ‘ಅಲರ್’ ನಿಘಂಟಿನಲ್ಲಿ. ವಿ. ಕೃಷ್ಣ ಅವರು ನಾಲ್ಕು ದಶಕಗಳಿಗೂ ಮಿಕ್ಕ ಕಾಲ ಏಕಾಕಿಯಾಗಿ ಸಂಕಲಿಸಿದ ಈ ಕನ್ನಡ–ಇಂಗ್ಲಿಷ್ ಕೋಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಉಲ್ಲೇಖಗಳಿವೆ. ಮಲಯಾಳದ ‘ಓಳಂ’ ನಿಘಂಟನ್ನು ನಡೆಸುತ್ತಿದ್ದ ಕೈಲಾಶ್ ನಾಧ್ ಅವರ ಸಹಾಯದಿಂದ 2019ರಲ್ಲಿ ಅದು ಮುಕ್ತ ದತ್ತಾಂಶ ಪರವಾನಗಿಯ ಮೇಲೆ ಸಾರ್ವಜನಿಕರ ಕೈಸೇರಿತು. ಈ ಪರವಾನಗಿಯ ಪ್ರಕಾರ ಯಾರೂ ದತ್ತಾಂಶವನ್ನು ಪಡೆದು ಬಳಸಬಹುದು, ಮಾರ್ಪಡಿಸಬಹುದು. ಆದರೆ ಮೂಲವನ್ನು ಹೆಸರಿಸಬೇಕು, ಮಾರ್ಪಡಿಸಿದ ದತ್ತಾಂಶವನ್ನು ಹೊರಗೆ ಹಂಚಿದರೆ ಅದನ್ನೂ ಅದೇ ಪರವಾನಗಿಯಡಿಯಲ್ಲಿ ಕೊಡಬೇಕು. ತಂತ್ರಾಂಶದ ಪರವಾನಗಿ ಬೇರೆ, ಅದರೊಳಗಿನ ಕೋಶದ ಪರವಾನಗಿ ಬೇರೆ ಎಂಬುದನ್ನು ಇಲ್ಲಿ ಮರೆಯಲಾಗದು. ತಂತ್ರಾಂಶವು ಸ್ವತಂತ್ರವೆಂಬ ಮಾತ್ರಕ್ಕೆ ಕೋಶದ ಷರತ್ತು ತೀರಿಹೋಗುವುದಿಲ್ಲ.

ಇನ್ನು ಆಮದಿನ ಕ್ರಮ. ಹೊರನೋಟಕ್ಕೆ ಇದು ನಕಲು ಮಾಡುವ ಕೆಲಸ. ಒಳಹೊಕ್ಕರೆ ಸಂಪಾದನೆಯ ತೊಡಕುಗಳೆಲ್ಲ ಎದುರಾಗುತ್ತವೆ. ‘ಕೊ’ ಎಂಬುದರ ಸ್ವರಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಆದರೆ ಮೊದಲೇ ಏಕರೂಪಕ್ಕೆ ತರದಿದ್ದರೆ ಇರುವ ಶಬ್ದವನ್ನೇ ಯಂತ್ರವು ಇಲ್ಲವೆನ್ನುತ್ತದೆ. ವರ್ಣಮಾಲೆಯಲ್ಲಿ ಹಕಾರದ ಅನಂತರ ಬರುವ ಳಕಾರವು ಅಲ್ಲಿ ಲಕಾರದ ಮಗ್ಗುಲಿಗೆ ಸೇರಿರುವುದರಿಂದ, ಸಂಕೇತಗಳ ಅನುಕ್ರಮವನ್ನೇ ಅನುಸರಿಸುವ ‘ಸ್ಟಾರ್‌ಡಿಕ್ಟ್’ ಮೊದಲಾದ ಏರ್ಪಾಡುಗಳಲ್ಲಿ ಶಬ್ದಗಳ ಸರದಿ ಅಚ್ಚಿನ ಕೋಶದಂತಿರುವುದಿಲ್ಲ. ಹಳಗನ್ನಡದ ೞಕಾರದ ಗತಿಯಂತೂ ವಿಚಿತ್ರ. ಯೂನಿಕೋಡಿನವರು ಅದಕ್ಕೆ ಪ್ರಮಾದದಿಂದ ‘ಫ’ ಎಂದು ಹೆಸರಿಟ್ಟರು. ಒಮ್ಮೆ ಇಟ್ಟ ಹೆಸರನ್ನು ಬದಲಿಸಕೂಡದೆಂಬ ನಿಯಮವಿದ್ದುದರಿಂದ ಸರಿಯಾದ ಹೆಸರನ್ನು ಪರ್ಯಾಯವಾಗಿ ಮಾತ್ರ ಸೇರಿಸಬೇಕಾಯಿತು. ಕೇಶಿರಾಜನು ಇದನ್ನು ಕೇಳಿದ್ದರೆ ಒಂದು ಸೂತ್ರವನ್ನೇ ರಚಿಸುತ್ತಿದ್ದನೇನೋ!

ಈ ತೊಡಕುಗಳಿಗೆಲ್ಲ ಉಪಾಯಗಳುಂಟು. ನಿಜವಾದ ನಷ್ಟವಾಗುವುದು ಬೇರೊಂದೆಡೆ. ಪದ, ಅರ್ಥ ಎಂಬ ಎರಡೇ ಅಂಕಣಗಳುಳ್ಳ ತಂತ್ರಾಂಶಕ್ಕೆ ಸುತ್ತುಬಳಸಿನ ಕೋಶವೊಂದನ್ನು ಇಳಿಸುವಾಗ ಮೊದಲು ಉದುರುವುದು ಮೂಲಸೂಚನೆ, ಪ್ರಾಂತಸೂಚನೆಗಳೇ. ‘ಬೆಟ್ಟ’ ಎಂದರೆ ಗಿರಿ, ಯಾರಿಗೂ ಸಂದೇಹವಿಲ್ಲ. ಉತ್ತರ ಕನ್ನಡದ ಘಟ್ಟದ ಮೇಲಿನ ಅಡಕೆಯ ತೋಟಿಗನಿಗಾದರೋ ಅದು ತೋಟದ ಸೊಪ್ಪಿನ ಗೊಬ್ಬರಕ್ಕಾಗಿ ಬಿಟ್ಟುಕೊಟ್ಟ ಅರಣ್ಯಭೂಮಿ. ಕಂದಾಯದ ಕಾಗದಗಳಲ್ಲಿಯೂ ಈ ಅರ್ಥವೇ. ಕಾಡನ್ನು ಕಡಿದು ಸುಟ್ಟು ಬಿತ್ತುವ ‘ಕುಮರಿ’ಯನ್ನು ಬರಿಯ ‘ಬೇಸಾಯ’ ಎಂದರೆ ಜೋಯಿಡಾದ ಕಾಡುಗಳ ಇತಿಹಾಸದ ಒಂದು ಅಧ್ಯಾಯವೇ ಮರೆಯಾಗುತ್ತದೆ. ಪ್ರಾಂತದ ಗುರುತು ಅಳಿದರೆ ಅಧ್ಯಾಪಕನು ಹಳೆಯ ಜಮೀನಿನ ಪತ್ರವನ್ನು ವಿದ್ಯಾರ್ಥಿಗೆ ತಪ್ಪಾಗಿ ಓದಿಸುವ ಸಂಭವವುಂಟು. ಎರಡು ಅಂಕಣಗಳಿರುವಲ್ಲಿ ಮೂರನೆಯದನ್ನು ಕೂಡಿಸುವುದು ತಂತ್ರಜ್ಞನಿಗೆ ಅಲ್ಪ ಶ್ರಮ. ಅದನ್ನು ತುಂಬಬೇಕಾದವರು ಮಾತ್ರ ಆಯಾ ಸೀಮೆಯವರು. ಹಳಿಯಾಳದ ಅಧ್ಯಾಪಕನೊಬ್ಬನು ಅಲರ್ ದತ್ತಾಂಶದಲ್ಲಿ ‘ಬೆಟ್ಟ’ದ ಕೆಳಗೆ ಈ ಅರ್ಥವನ್ನೂ ಊರಿನ ಗುರುತನ್ನೂ ಸೇರಿಸಿ ಪ್ರತಿಯನ್ನು ಹಂಚಿದನಾದರೆ, 2019ರ ನಿಬಂಧನೆಯ ಮೇರೆಗೆ ಆ ಸೇರ್ಪಡೆಯೂ ಕೋಶದ ಉಳಿದ ಭಾಗದಂತೆಯೇ ಎಲ್ಲರಿಗೂ ಸಲ್ಲುತ್ತದೆ.