ಜಡೆಯ ಹೊತ್ತು: ಎಲ್ಲಮ್ಮನ ಪರಂಪರೆಯಲ್ಲಿ ಕೂದಲಿನ ಆರೈಕೆ ಮತ್ತು ದುಡಿಮೆ

ಕನ್ನಡದಲ್ಲಿ ‘ಜಡೆ’ ಎಂಬ ಒಂದೇ ಪದ ಎರಡು ಬೇರೆ ಸಂಗತಿಗಳನ್ನು ಸೂಚಿಸುತ್ತದೆ. ಮೂರು ಕಾಲು ಮಾಡಿ ಹೆಣೆದು ಬೆನ್ನಿಗೆ ಇಳಿಬಿಟ್ಟ ಹೆರಳೂ ಜಡೆಯೇ. ಬಾಚಣಿಗೆ ಕಾಣದೆ ಗಂಟುಗಟ್ಟಿ ಹಗ್ಗದಂತಾದ ಕೂದಲೂ ಜಡೆಯೇ. ಎರಡಕ್ಕೂ ಮೂಲ ಸಂಸ್ಕೃತದ ‘ಜಟಾ’ ಶಬ್ದ. ಆದರೆ ಆ ಪದದೊಡನೆ ಬಳಕೆಯಾಗುವ ಕ್ರಿಯಾಪದಗಳನ್ನು ಗಮನಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಹೆರಳಿನ ಜಡೆಯನ್ನು ‘ಹಾಕುತ್ತಾರೆ’, ‘ಹೆಣೆಯುತ್ತಾರೆ’. ಗಂಟಿನ ಜಡೆ ತಾನಾಗಿ ‘ಬರುತ್ತದೆ’, ‘ಬೀಳುತ್ತದೆ’. ಸವದತ್ತಿ ಎಲ್ಲಮ್ಮನ ಭಕ್ತವಲಯವಾದ ಉತ್ತರ ಕರ್ನಾಟಕದಲ್ಲಿ ‘ತಾಯಿ ಜಡಿ ಕೊಟ್ಟಾಳ’ ಎನ್ನುವುದೂ ರೂಢಿ. ಮೊದಲನೆಯ ಜಡೆಯ ಹಿಂದೆ ಮನುಷ್ಯರ ಕೈ ಇದೆ. ಎರಡನೆಯದರ ಹಿಂದೆ ಕೈಯೇ ಇಲ್ಲ ಎಂಬಂತೆ ಭಾಷೆ ನಡೆದುಕೊಂಡಿದೆ. ಈ ನಂಬಿಕೆ ಎಷ್ಟರ ಮಟ್ಟಿಗೆ ನಿಜ, ಬಂದ ಜಡೆಯನ್ನು ಉಳಿಸಿಕೊಳ್ಳಲು ಹೆಣ್ಣುಮಕ್ಕಳು ತೆತ್ತ ಹೊತ್ತು ಎಂಥದು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕೂದಲನ್ನು ಕುರಿತು ಮಾನವಶಾಸ್ತ್ರದಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ಎಡ್ಮಂಡ್ ಲೀಚ್ 1958ರಲ್ಲಿ ಪ್ರಕಟಿಸಿದ ಪ್ರಬಂಧ, ಅದಕ್ಕೆ ಪ್ರತಿಯಾಗಿ 1969ರಲ್ಲಿ ಹಾಲ್‌ಪೈಕ್ ಬರೆದ ಬರಹ, ಶ್ರೀಲಂಕೆಯ ಕತರಗಾಮದ ಜಟಾಧಾರಿ ಭಕ್ತೆಯರನ್ನು ಕುರಿತು ಗಣನಾಥ ಒಬೇಸೇಕರ 1981ರಲ್ಲಿ ಹೊರತಂದ ‘ಮೆಡೂಸಾಸ್ ಹೇರ್’ ಈ ಚರ್ಚೆಯ ಮುಖ್ಯ ಘಟ್ಟಗಳು. ಜಡೆಯ ಅರ್ಥವೇನು, ಅದು ಕಾಮದ ಸಂಕೇತವೋ ವೈರಾಗ್ಯದ ಸಂಕೇತವೋ, ವ್ಯಕ್ತಿಯ ಅಂತರಂಗದ್ದೋ ಸಮಾಜದ್ದೋ ಎಂಬುದು ಅಲ್ಲಿನ ಮುಖ್ಯ ಜಿಜ್ಞಾಸೆ. ಜಡೆಯನ್ನು ಯಾವಾಗ, ಎಷ್ಟು ನೀರಿನಲ್ಲಿ ತೊಳೆಯುತ್ತಾರೆ, ಅದು ಆರಲು ಎಷ್ಟು ಹೊತ್ತು ಬೇಕು ಎಂಬ ಪ್ರಶ್ನೆಗಳು ಆ ಜಿಜ್ಞಾಸೆಯ ಕೇಂದ್ರಕ್ಕೆ ಬರಲಿಲ್ಲ. ಬಚ್ಚಲಮನೆಯ ಸಂಗತಿ ವಿದ್ವತ್ತಿನ ವಸ್ತುವಾಗಲು ಯಾವಾಗಲೂ ತಡವಾಗುತ್ತದೆ.

ಪ್ರಾಚೀನ ಗ್ರಂಥಗಳು ಈ ವಿಷಯದಲ್ಲಿ ನಮ್ಮ ವಿದ್ವಾಂಸರಿಗಿಂತ ಹೆಚ್ಚು ವ್ಯಾವಹಾರಿಕವಾಗಿವೆ. ವಾಲ್ಮೀಕಿ ರಾಮಾಯಣದ ಅಯೋಧ್ಯಾಕಾಂಡದಲ್ಲಿ ರಾಮನ ಜಟೆ ತಾನಾಗಿ ಬಂದದ್ದಲ್ಲ. ಗಂಗೆಯ ದಡದಲ್ಲಿ ಅವನು ಗುಹನಿಂದ ಆಲದ ಹಾಲನ್ನು ತರಿಸಿಕೊಂಡು, ಅದರಿಂದ ತನಗೂ ಲಕ್ಷ್ಮಣನಿಗೂ ಜಟೆ ಕಟ್ಟುತ್ತಾನೆ. ಹದಿನಾಲ್ಕು ವರ್ಷಗಳ ನಂತರ, ಯುದ್ಧಕಾಂಡದ ಕೊನೆಯಲ್ಲಿ, ಪಟ್ಟಾಭಿಷೇಕಕ್ಕೆ ಮೊದಲು ಕ್ಷೌರಿಕರು ಬರುತ್ತಾರೆ. ಅವರ ಕೈ ಹಗುರವಾದದ್ದು, ಕೆಲಸ ಚುರುಕಾದದ್ದು ಎಂದು ಕವಿ ಮರೆಯದೆ ಹೇಳುತ್ತಾನೆ. ರಾಮನ ಜಟೆಗಳನ್ನು ಶುದ್ಧಿಗೊಳಿಸಿದ ಮೇಲೆಯೇ ಅವನ ಸ್ನಾನ. ಹಗುರವಾದ ಕೈ ಬೇಕಾಗುವುದು ಎಂಥ ತಲೆಗೆ ಎಂಬುದನ್ನು ಒಮ್ಮೆ ಸಿಕ್ಕು ಬಿಡಿಸಿಕೊಂಡವರು ಬಲ್ಲರು. ಮನುಸ್ಮೃತಿಯು ವಾನಪ್ರಸ್ಥನಿಗೆ ಜಟೆಯನ್ನು ವಿಧಿಸುವ ಶ್ಲೋಕದಲ್ಲಿಯೇ ಸಂಜೆ ಮುಂಜಾನೆ ಎರಡು ಹೊತ್ತಿನ ಸ್ನಾನವನ್ನೂ ವಿಧಿಸುತ್ತದೆ. ಜಟೆಯೆಂದರೆ ನೀರು ಬಿಟ್ಟ ತಲೆ ಎಂಬ ಭಾವನೆ ಅಲ್ಲಿಲ್ಲ. ಬಾಚುವುದನ್ನು ಬಿಟ್ಟವನು ತೊಳೆಯುವುದನ್ನು ಬಿಟ್ಟಿಲ್ಲ. ಆದರೆ ಕಾಡಿಗೆ ಹೋದ ಗೃಹಸ್ಥನಿಗೆ ಹೊಳೆ ಹತ್ತಿರ, ಹೊಲದ ಕೂಲಿ ದೂರ. ಹಗಲೆಲ್ಲ ಬಿಸಿಲಿಗೆ ಕೂರಬಲ್ಲ. ಅವನ ಜಟೆಗೂ ಎಲ್ಲಮ್ಮನ ಜೋಗತಿಯ ಜಡೆಗೂ ಇರುವ ಮೊದಲ ಅಂತರ ಇದೇ.

ಜಡೆಯ ರಚನೆಯನ್ನು ಅರಿಯಲು ಕುರುಬರ ಕಂಬಳಿಯನ್ನು ನೆನೆಯಬಹುದು. ಉಣ್ಣೆಯ ಎಳೆಯಂತೆ ತಲೆಗೂದಲಿನ ಎಳೆಗೂ ಮೇಲ್ಮೈಯಲ್ಲಿ ಸೂಕ್ಷ್ಮವಾದ ಪದರಗಳಿವೆ. ತೇವ, ತಿಕ್ಕಾಟ ಮತ್ತು ಒತ್ತಡಗಳಿಂದ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಿಡಿಸಲಾಗದ ಹಾಸಾಗುತ್ತವೆ. ಮನುಷ್ಯನ ತಲೆಯಿಂದ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಬಾಚುವ ತಲೆಯಲ್ಲಿ ಅವು ಹಣಿಗೆಗೆ ಬರುತ್ತವೆ. ಜಡೆಯಲ್ಲಿ ಒಳಗೇ ಉಳಿಯುತ್ತವೆ. ಆದುದರಿಂದ ಜಡೆ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತ, ಭಾರವಾಗುತ್ತ ಹೋಗುತ್ತದೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ ಎಂದಿಟ್ಟುಕೊಂಡರೆ, ಮೊಣಕಾಲಿಗೆ ಇಳಿದ ಜಡೆಯ ತುದಿಯಲ್ಲಿರುವುದು ಹತ್ತು ವರ್ಷಕ್ಕೂ ಹಿಂದಿನ ಕೂದಲು. ಅಷ್ಟು ವರ್ಷಗಳ ಎಣ್ಣೆ, ಭಂಡಾರ, ಧೂಳು, ಬೆವರು ಅದರಲ್ಲಿ ಸೇರಿರುತ್ತವೆ. ನೆನೆದ ಕಂಬಳಿಯನ್ನು ಹೊತ್ತವರಿಗೆ ನೆನೆದ ಜಡೆಯ ತೂಕವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಉತ್ತರ ಕರ್ನಾಟಕದಲ್ಲಿ ತಲೆಸ್ನಾನಕ್ಕೆ ‘ಎರಕೊಳ್ಳುವುದು’ ಎನ್ನುತ್ತಾರೆ. ಎರೆಯುವುದೆಂದರೆ ಹೊಯ್ಯುವುದು, ಆ ಪದದಲ್ಲಿ ನೀರಿನ ಪ್ರಮಾಣವೂ ಹೊಯ್ಯುವ ಮತ್ತೊಂದು ಕೈಯೂ ಅಡಗಿವೆ. ಸಾಮಾನ್ಯ ಗೃಹಿಣಿಗೂ ಎರಕೊಳ್ಳುವ ದಿನ ಬಿಡುವಿನ ದಿನವಲ್ಲ. ನೀರು ತಂದು ಹಂಡೆ ತುಂಬಿಸಬೇಕು, ಉರಿ ಹಾಕಬೇಕು, ಎಣ್ಣೆ ಹಚ್ಚಿಕೊಂಡು ಕಾಯಬೇಕು, ಸೀಗೆಕಾಯಿ ಅಥವಾ ಅಂಟುವಾಳವನ್ನು ಸಿದ್ಧಮಾಡಿಕೊಳ್ಳಬೇಕು, ಆಮೇಲೆ ಕೂದಲು ಹರವಿಕೊಂಡು ಆರಿಸಬೇಕು. ಬಾಣಂತಿಯ ತಲೆಗೆ ಧೂಪದ ಹೊಗೆ ಹಿಡಿಯುವ ಪದ್ಧತಿಯ ಹಿಂದಿರುವುದು ಒದ್ದೆ ತಲೆಯ ಭಯವೇ. ಬಿಡಿಗೂದಲಿಗೇ ಇಷ್ಟು ವ್ಯವಸ್ಥೆ ಬೇಕಾದಾಗ, ತೋಳಿನ ಗಾತ್ರದ ಜಡೆಗೆ ಏನು ಬೇಕಾದೀತು?

ಜೋಗತಿಯರ ವಾರದ ಲೆಕ್ಕವನ್ನು ಇಲ್ಲಿ ಗಮನಿಸಬೇಕು. ಮಂಗಳವಾರ ಮತ್ತು ಶುಕ್ರವಾರ ದೇವಿಯ ವಾರಗಳು. ಜಡೆಗೆ ಭಂಡಾರ ಹಚ್ಚಿ ಪೂಜಿಸುವುದಕ್ಕೆ ಸಲ್ಲುವ ದಿನಗಳೂ ಅವೇ. ಮನೆಮನೆಗೆ ಹೋಗಿ ಜೋಗ ಬೇಡುವ ದಿನಗಳೂ ಅವೇ. ಜಡೆಯನ್ನು ತೊಳೆಯುವವಳು ನಸುಕಿನಲ್ಲಿಯೇ ಏಳಬೇಕು. ಹೊರಮೈಗೆ ಹೊಯ್ದ ನೀರು ಒಳಗಿಳಿಯುವುದಿಲ್ಲ. ಹಿಡಿಹಿಡಿಯಾಗಿ ಅದುಮಿ ನೆನೆಸಬೇಕು, ಹಾಗೆಯೇ ಅದುಮಿ ಹಿಂಡಬೇಕು. ಸೀಗೆಪುಡಿಯ ಚರಟ ಒಳಗೆ ಉಳಿದರೆ ತುರಿಕೆ. ಅದನ್ನು ತೆಗೆಯಲು ಮತ್ತೆ ನೀರು. ಹಿಂಡಿದ ಮೇಲೂ ನಡುವಿನ ತೇವ ಆರಲು ಬಿಸಿಲಿನ ದಿನಗಳಲ್ಲಿ ಹಗಲೆಲ್ಲ ಬೇಕು. ಮಳೆಗಾಲದಲ್ಲಿ ಒಂದು ಹಗಲು ಸಾಲದು. ಒದ್ದೆ ಜಡೆಯನ್ನು ಸುತ್ತಿ ಕಟ್ಟಿ, ಅದರ ಮೇಲೆ ದೇವಿಯ ಜಗ ಹೊತ್ತು ಊರು ತಿರುಗಿದರೆ ಒಳಗೆ ಬೂಸು ಹಿಡಿದು ವಾಸನೆ ಬರುತ್ತದೆ, ನೆತ್ತಿ ಹುಣ್ಣಾಗುತ್ತದೆ. ಜೋಗಕ್ಕೆ ಹೋಗದಿದ್ದರೆ ಅಂದಿನ ಹಿಟ್ಟಿಲ್ಲ. ಹೀಗಾಗಿ ಜಡೆಯ ಶುಚಿಯೂ ಹೊಟ್ಟೆಯ ಪಾಡೂ ಒಂದೇ ದಿನದ ಹೊತ್ತಿಗಾಗಿ ಜಗಳವಾಡುತ್ತವೆ. ಭಂಡಾರ ಅಂದರೆ ಅರಿಸಿನಪುಡಿಯ ಬಳಕೆಯನ್ನು ಭಕ್ತಿಯ ದೃಷ್ಟಿಯಿಂದ ಮಾತ್ರವೇ ವಿವರಿಸುವುದು ವಾಡಿಕೆ. ಒಣಪುಡಿ ಜಿಡ್ಡನ್ನೂ ತೇವವನ್ನೂ ಹೀರುತ್ತದೆ ಎಂಬ ಸರಳ ಸಂಗತಿಯನ್ನೂ ಅದರೊಡನೆ ಇಟ್ಟು ನೋಡಬೇಕು. ಸನ್ಯಾಸಿಯ ಜಟೆಗೆ ಭಸ್ಮ ಮಾಡುವ ಕೆಲಸವನ್ನು ಜೋಗತಿಯ ಜಡೆಗೆ ಭಂಡಾರ ಮಾಡುತ್ತದೆ. ನೀರಿಗೂ ಬಿಸಿಲಿಗೂ ಹೊತ್ತಿಲ್ಲದವರು ಕಂಡುಕೊಂಡ ಆರೈಕೆ ಇದು.

ಎಲ್ಲಮ್ಮನ ಐತಿಹ್ಯವೂ ನೀರಿನದೇ ಕಥೆ ಎಂಬುದು ಆಕಸ್ಮಿಕವಲ್ಲ. ಪ್ರತಿದಿನ ಮಲಪ್ರಭೆಯಲ್ಲಿ ಮಿಂದು, ಮರಳಿನ ಕೊಡ ಮಾಡಿ, ಹಾವಿನ ಸಿಂಬೆಯ ಮೇಲಿಟ್ಟು ನೀರು ತರುತ್ತಿದ್ದ ರೇಣುಕೆ ಒಂದು ದಿನ ತಡಮಾಡಿದ್ದೇ ಅವಳ ಸಂಕಟಕ್ಕೆ ಮೂಲ. ಶಾಪದಿಂದ ಮೈಗೆ ರೋಗ ತಗುಲಿದ ಆಕೆ ಗುಣವಾದದ್ದು ಜೋಗುಳಬಾವಿಯ ನೀರಿನಲ್ಲಿ ಮಿಂದು. ಗುಡ್ಡಕ್ಕೆ ಬರುವ ಭಕ್ತರು ಇಂದಿಗೂ ಜೋಗುಳಬಾವಿಯಲ್ಲಿಯೋ ಎಣ್ಣೆಹೊಂಡದಲ್ಲಿಯೋ ಮಿಂದು ದೇವಿಯ ದರ್ಶನ ಪಡೆಯುತ್ತಾರೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳ ಜಾತ್ರೆ ಎಷ್ಟೋ ಜಡೆಗಳಿಗೆ ತುಂಬು ನೀರು ಸಿಗುವ ಸಂದರ್ಭವೂ ಹೌದು.

ಇಷ್ಟಕ್ಕೂ ಜಡೆ ಬರುವುದು ಯಾರ ತಲೆಯಲ್ಲಿ? ದೀರ್ಘಕಾಲ ಹಾಸಿಗೆ ಹಿಡಿದವರಲ್ಲಿ, ಹೇನು ಸೀರು ಹೆಚ್ಚಾದ ತಲೆಗಳಲ್ಲಿ, ದಿನಗಟ್ಟಲೆ ಎಣ್ಣೆ ಹಣಿಗೆ ಕಾಣದ ಮಕ್ಕಳಲ್ಲಿ ಕೂದಲು ಗಂಟುಗಟ್ಟುತ್ತದೆ ಎಂದು ವೈದ್ಯಶಾಸ್ತ್ರ ಹೇಳುತ್ತದೆ. ಎಲ್ಲಮ್ಮನಿಗೆ ಬಿಡಲ್ಪಟ್ಟ ಹೆಣ್ಣುಮಕ್ಕಳಲ್ಲಿ ಬಹುಪಾಲು ದಲಿತ ಸಮುದಾಯಗಳಿಗೆ ಸೇರಿದವರು. ಸಾರ್ವಜನಿಕ ಕೆರೆಯ ನೀರು ಮುಟ್ಟುವ ಹಕ್ಕಿಗಾಗಿ ಅಂಬೇಡ್ಕರರು 1927ರಲ್ಲಿ ಮಹಾಡದಲ್ಲಿ ಸತ್ಯಾಗ್ರಹ ಹೂಡಬೇಕಾದ ದೇಶದಲ್ಲಿ, ಆ ಕೇರಿಗಳ ತಾಯಂದಿರಿಗೆ ತಲೆ ತೊಳೆಯುವ ನೀರೂ ಎಣಿಕೆಯದೇ ಆಗಿತ್ತು. ನಸುಕಿನಲ್ಲಿ ಹೊಲದ ಕೂಲಿಗೆ ಹೋಗಿ ಕತ್ತಲಾದ ಮೇಲೆ ಬರುವ ತಾಯಿಗೆ ಮಗಳ ತಲೆ ಬಾಚಲು ಅರ್ಧ ತಾಸಿನ ಬಿಡುವಿರಲಿಲ್ಲ. ಆ ಅರ್ಧ ತಾಸಿಲ್ಲದ ಕಡೆ ಮೊದಲ ಗಂಟು ಬೀಳುತ್ತದೆ. ಗಂಟು ಬಿದ್ದ ಮೇಲೆ ಅದನ್ನು ದೇವಿಯ ಕರೆಯೆಂದು ಓದಲಾಗುತ್ತದೆ. ಕತ್ತರಿಸಿದರೆ ಕೇಡು ಎಂಬ ಭಯ ಅದನ್ನು ಕಾಯುತ್ತದೆ. ಹುಡುಗಿಯನ್ನು ದೇವಿಗೆ ಬಿಡಲು ಅದೇ ಕಾರಣವಾಗುತ್ತದೆ. ಹಣಿಗೆ ಕೇಳಿದ್ದು ದಿನದ ಅರ್ಧ ತಾಸು. ಜಡೆ ಕೇಳಿದ್ದು ಇಡೀ ಆಯುಷ್ಯ. ಹಾಗೆಂದು ಎಲ್ಲ ಜಡೆಗಳನ್ನೂ ಬಡತನದ ಲೆಕ್ಕಕ್ಕೆ ಇಳಿಸುವುದು ಸರಿಯಲ್ಲ. ಜಡೆ ಬಂದವಳಿಗೆ ಮನೆಯಲ್ಲಿ, ಕೇರಿಯಲ್ಲಿ ಒಂದು ಮಾತಿನ ಬಲ ಬರುತ್ತಿತ್ತು, ಇತರ ಹೆಂಗಸರಿಗೆ ಇಲ್ಲದ ತಿರುಗಾಟದ ಸ್ವಾತಂತ್ರ್ಯ ಸಿಗುತ್ತಿತ್ತು ಎಂಬುದನ್ನು ಮರೆಯಲಾಗದು.

ಜಡೆಯ ಹಿಂದಿನ ದುಡಿಮೆಯನ್ನು ಮುಚ್ಚಿಡದೆ ಹೇಳಿದ ನಿದರ್ಶನಕ್ಕಾಗಿ ಕಡಲಾಚೆ ನೋಡಬೇಕು. ಜಮೈಕಾದಲ್ಲಿ 1930ರ ದಶಕದಲ್ಲಿ ಹುಟ್ಟಿದ ರಾಸ್ತಫಾರಿ ಪಂಥದವರು ಬೈಬಲ್ಲಿನ ನಾಜೀರ ವ್ರತವನ್ನು ಆಧರಿಸಿ ಜಡೆ ಬಿಟ್ಟರು. 1845ರಿಂದ ಅಲ್ಲಿಗೆ ಹೋದ ಭಾರತೀಯ ಕೂಲಿಕಾರರ ನಡುವಿನ ಸಾಧುಗಳ ಪ್ರಭಾವವೂ ಇದರಲ್ಲಿದೆ ಎಂದು ಕೆಲವು ವಿದ್ವಾಂಸರು ವಾದಿಸಿದ್ದಾರೆ. ಅದು ಇನ್ನೂ ವಾದವೇ. ಅವರ ಜಡೆಯನ್ನೂ ಕೊಳಕೆಂದು ಜರೆದವರು ಬಹಳ. ಲೋಳೆಸರ, ಸೊಪ್ಪು, ಸಮುದ್ರದ ನೀರುಗಳಿಂದ ತೊಳೆಯುವ ಕ್ರಮವನ್ನು ಆ ಜನ ತಮ್ಮ ಶಿಸ್ತಿನ ಭಾಗವೆಂದೇ ಎತ್ತಿ ಹೇಳಿದರು. ಈಗ ಅಮೆರಿಕದ ಕರಿಯರಲ್ಲಿ ‘ಲಾಕ್ಸ್’ ಎಂಬ ಹೆಸರಿನಿಂದ ಹರಡಿರುವ ಜಡೆಗೆ ಸಾಮಾನ್ಯವಾಗಿ ನಾಲ್ಕಾರು ವಾರಕ್ಕೊಮ್ಮೆ ಬುಡ ಹೊಸೆಯುವ ಕೆಲಸವಿರುತ್ತದೆ. ಅದಕ್ಕೆ ಹಿಡಿಯುವ ತಾಸುಗಳಿಗೆ ದರವಿದೆ, ಅದನ್ನು ಬಲ್ಲವರಿಗೆ ವೃತ್ತಿಯೆಂಬ ಮನ್ನಣೆಯಿದೆ. ಆದರೂ 2010ರಲ್ಲಿ ಅಲಬಾಮಾದಲ್ಲಿ ಜಡೆಯ ಕಾರಣಕ್ಕೆ ಒಬ್ಬ ಮಹಿಳೆಗೆ ಕೊಟ್ಟ ಕೆಲಸವನ್ನು ಹಿಂತೆಗೆದುಕೊಳ್ಳಲಾಯಿತು. 2016ರಲ್ಲಿ ಮೇಲ್ಮನವಿ ನ್ಯಾಯಾಲಯ ಆಕೆಯ ಪರ ನಿಲ್ಲಲಿಲ್ಲ. ಇಂಥ ತಾರತಮ್ಯವನ್ನು ನಿಷೇಧಿಸುವ ಮೊದಲ ರಾಜ್ಯಮಟ್ಟದ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 2019ರಲ್ಲಿ ಬಂತು. ಅಲ್ಲಿನ ಜಡೆ ಆಯ್ಕೆಯದು. ನಮ್ಮಲ್ಲಿ ಹುಡುಗಿಯ ತಲೆಯ ಮೇಲೆ ಇಳಿದ ಜಡೆಯೊಡನೆ ಅದನ್ನು ಸಮೀಕರಿಸಲಾಗದು.

ನಮ್ಮಲ್ಲಿ ಕಾನೂನು ಬೇರೆ ದಿಕ್ಕಿನಿಂದ ಬಂತು. ಬೆಳಗಾವಿ, ಧಾರವಾಡ, ವಿಜಯಪುರಗಳು ಮುಂಬಯಿ ಪ್ರಾಂತದಲ್ಲಿದ್ದಾಗಲೇ 1934ರ ದೇವದಾಸಿ ಸಂರಕ್ಷಣಾ ಕಾಯಿದೆ ಜಾರಿಗೆ ಬಂದಿತ್ತು. ಕರ್ನಾಟಕದ ದೇವದಾಸಿ ಸಮರ್ಪಣಾ ನಿಷೇಧ ಕಾಯಿದೆ 1982ರದು. ಆ ಬಳಿಕ ನಡೆದ ಸುಧಾರಣಾ ಚಟುವಟಿಕೆಗಳಲ್ಲಿ ಜಡೆ ಕತ್ತರಿಸುವುದು ಒಂದು ಮುಖ್ಯ ಕಾರ್ಯಕ್ರಮವಾಯಿತು. ನೆರೆಯ ಮಹಾರಾಷ್ಟ್ರದಲ್ಲಿ ನರೇಂದ್ರ ದಾಭೋಳ್ಕರ್ 1989ರಲ್ಲಿ ಸ್ಥಾಪಿಸಿದ ಅಂಧಶ್ರದ್ಧಾ ನಿರ್ಮೂಲನ ಸಮಿತಿಯ ಕಾರ್ಯಕರ್ತರೂ ಈ ಕೆಲಸದಲ್ಲಿ ತೊಡಗಿದ್ದಾರೆ. ಕತ್ತರಿಯ ಈ ಚರಿತ್ರೆ ನಮ್ಮದು ಮಾತ್ರವಲ್ಲ. ಪೋಲೆಂಡಿನ ರೈತಾಪಿ ಜನರಲ್ಲಿಯೂ ಗಂಟುಗೂದಲನ್ನು ಕತ್ತರಿಸಿದರೆ ಕುರುಡು, ಹುಚ್ಚು ಬರುತ್ತದೆಂಬ ಭಯವಿತ್ತು. ಕ್ರಾಕೋವಿನ ವೈದ್ಯ ಯೂಜೆಫ್ ಡೀಟ್ಲ್ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅದರ ವಿರುದ್ಧ ಹೋರಾಡಿದರು. ಸವದತ್ತಿ ಸೀಮೆಯ ಸುಧಾರಕರು ಜಡೆಯನ್ನು ಕೊಳಕು ಮತ್ತು ರೋಗವೆಂದು ಕಂಡರೆ, ಜೋಗತಿಯರು ಅದನ್ನು ಸಾಕ್ಷಾತ್ ದೇವಿಯೆಂದು ಕಂಡರು ಎಂಬುದನ್ನು ಲುಸಿಂಡಾ ರಾಂಬರ್ಗ್ 2014ರಲ್ಲಿ ಪ್ರಕಟಿಸಿದ ‘ಗಿವನ್ ಟು ದ ಗಾಡೆಸ್’ ಕೃತಿ ವಿವರಿಸುತ್ತದೆ. ಸುಧಾರಕರ ಉದ್ದೇಶ ಶುದ್ಧವಾದದ್ದು, ಫಲವೂ ದೊಡ್ಡದು. ಆದರೆ ಕೊಳಕು ಎಂಬ ಒಂದು ಮಾತಿನಲ್ಲಿ ಆ ಹೆಂಗಸರು ವರ್ಷಗಟ್ಟಲೆ ಹಿಂಡಿದ ನೀರು, ಕಾದ ಬಿಸಿಲು ಎರಡೂ ಅಳಿಸಿಹೋದವು. ತೊಳೆದು ತೊಳೆದು ಸೋತ ತಲೆಗೂ ತೊಳೆಯದ ತಲೆಗೂ ಒಂದೇ ಹೆಸರು ಬಂತು.

ಗಂಟುಗಟ್ಟಿದ ಕೂದಲನ್ನು ಎಣ್ಣೆ ಹಾಕಿ ಎಳೆಎಳೆಯಾಗಿ ಬಿಡಿಸಲು, ಗಂಟು ಹೊಸದಾಗಿದ್ದರೆ, ಸಾಧ್ಯವಿದೆ. ಅದಕ್ಕೆ ಒಬ್ಬಳ ತಾಳ್ಮೆ, ಇನ್ನೊಬ್ಬಳ ಹಗುರವಾದ ಕೈ, ಕೆಲವು ದಿನಗಳ ಬಿಡುವು ಬೇಕು. ಹಳೆಯ ಜಡೆಗೆ ಕತ್ತರಿಯೇ ಗತಿ, ಅದಕ್ಕೆ ಕೆಲವು ನಿಮಿಷ ಸಾಕು. ಕತ್ತರಿಸಿದ ನಂತರ ತಲೆ ಹಗುರವಾಗುತ್ತದೆ, ಕತ್ತಿನ ನೋವು ಇಳಿಯುತ್ತದೆ. ಕೆಲವು ದಿನಗಳಲ್ಲಿ ಹೊಸ ಕೂದಲು ಮೊಳೆಯುತ್ತದೆ. ಆಗ ಮತ್ತೆ ಎಣ್ಣೆ ಬೇಕು, ಹಣಿಗೆ ಬೇಕು, ಬೆಳಗಿನ ಅರ್ಧ ತಾಸು ಬೇಕು.